ಐದಾರು ಮಾರು ದೂರದ ಹಾಡು

ಬೆಳಗಿನ ಐದೂವರೆ. ಹೊರ್ತಿಯ ಹೆದ್ದಾರಿ ಬದಿಯ ಚಹಾದಂಗಡಿ ಮುಂದೆ ನಿಂತಿದ್ದೀರಿ. ಸಂಕ್ರಮಣ ಮುಗಿದು ವಾರವಾದರೂ ಥಂಡಿ ಇಳಿದಿಲ್ಲ. ತಲೆಗೆ ಸುತ್ತಿದ ಟವೆಲಿನೊಳಗೂ ಕಿವಿ ಮರಗಟ್ಟಿವೆ. ಈ ಕಡೆ ಹೋದರೆ ವಿಜಯಪುರ, ಆ ಕಡೆ ಹೋದರೆ ಭೀಮೆಯನ್ನು ದಾಟಿ ಸೊಲ್ಲಾಪುರ. ರಸ್ತೆಯಾಚೆ ಬಿಳಿಜೋಳದ ತೆನೆ ಹಾಲು ತುಂಬಿಕೊಂಡು ನಿಂತಿದೆ. ಇನ್ನು ಕೆಲವೇ ದಿನ, ಹೊಲಹೊಲದಿಂದ ಸೀತನಿ ಸುಡುವ ಹೊಗೆ ಏಳುತ್ತದೆ.

ಕಬ್ಬಿನ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮೊದಲು ಎದೆಗೇ ಬಂದು ಬಡಿಯುವ ಡೊಳ್ಳಿನ ಪೆಟ್ಟು, ಅದರ ಹಿಂದೆ ಹಾಡಿನ ದನಿ, ಕಡೆಗೆ ಕತ್ತಲಲ್ಲಿ ತೂಗಾಡುವ ಬಣ್ಣದ ದೀಪಗಳ ಸರ. ಎರಡು ಡಬ್ಬಿ ತುಂಬ ಕಬ್ಬು ಎಳೆದುಕೊಂಡು ಅದು ಬಂದು ಅಂಗಡಿ ಮುಂದೆ ನಿಲ್ಲುತ್ತದೆ. ಡ್ರೈವರ್ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಒಂದು ಗ್ಲಾಸ್ ಚಹಾ ಕುಡಿದು, ನಿಮ್ಮನ್ನು ನೋಡಿ, "ಏರ್ರಿ ಕಾಕಾ" ಅನ್ನುತ್ತಾನೆ. ಚಕ್ರದ ಮೇಲಿನ ಮಡ್‌ಗಾರ್ಡಿಗೆ ಹತ್ತಿ ಕೂಡುತ್ತೀರಿ. ತಗಡಿನ ಥಂಡಿ ಬೆನ್ನುಹುರಿಯವರೆಗೆ ಏರುತ್ತದೆ.

ಇಷ್ಟು ಹತ್ತಿರ ಕುಳಿತ ಮೇಲೆ ಕಾಣುತ್ತದೆ: ಹಾಡು ಇರುವುದು ಹುಡುಗನ ಅಂಗಿಯ ಎದೆಜೇಬಿನಲ್ಲಿ. ಮೊಬೈಲಿನ ಬೆಳಕು ಬಟ್ಟೆಯೊಳಗಿಂದ ಮಂಕಾಗಿ ಹೊಳೆಯುತ್ತಿದೆ. ದನಿ ಹೊರಡುವುದು ತಲೆಯ ಮೇಲಿನ ಚಪ್ಪರಕ್ಕೆ ಕಟ್ಟಿದ ನಾಲ್ಕು ಸ್ಪೀಕರುಗಳಿಂದ. ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಒಂದು ನೀಲಿ ಚುಕ್ಕಿ. ಪೆಟ್ಟಿಗೆಯಿಂದ ಸ್ಪೀಕರಿಗೆ ವೈರಿದೆ, ಜೇಬಿನಿಂದ ಪೆಟ್ಟಿಗೆಗೆ ಏನೂ ಇಲ್ಲ. ಒಂದು ಮೊಳ ಖಾಲಿ ಗಾಳಿ, ಅಷ್ಟೆ.

ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗುತ್ತಾರೆ. ಹಗ್ಗ ಸಡಿಲಾಗಿದೆ. ಹುಡುಗ ಗಾಡಿ ಬದಿಗೆ ಹಾಕಿ, ಇಳಿದು, ಕಬ್ಬಿನ ಮಗ್ಗುಲಿಗೇ ಹಿಂದಕ್ಕೆ ನಡೆಯುತ್ತಾನೆ. ಮೊದಲ ಡಬ್ಬಿ ದಾಟುವವರೆಗೆ ಹಾಡಿಗೆ ಏನೂ ಆಗುವುದಿಲ್ಲ. ಎರಡನೆಯದರ ನಡುವಿಗೆ ಬಂದಾಗ ಹಾಡು ತೊದಲುತ್ತದೆ, ಒಂದು ಅಕ್ಷರ ನುಂಗುತ್ತದೆ, ಮತ್ತೆ ಎರಡು ಹೇಳುತ್ತದೆ, ನಿಂತುಬಿಡುತ್ತದೆ. ಇಷ್ಟು ಹೊತ್ತು ಮುಚ್ಚಿಹೋಗಿದ್ದ ಜೀರುಂಡೆಯ ಸದ್ದು ಹೊಲದಿಂದ ಎದ್ದು ಬರುತ್ತದೆ. ಹಗ್ಗಕ್ಕೆ ಕೈ ಹಾಕಿದ ಹುಡುಗ ಹಾಡು ನಿಂತಿದ್ದು ಕಂಡು ಗಾಡಿಯ ಕಡೆ ತಿರುಗಿ ನೋಡುತ್ತಾನೆ, ಆ ಕ್ಷಣಕ್ಕೆ ಹಾಡು ಮರಳುತ್ತದೆ. ಮತ್ತೆ ಬೆನ್ನು ಮಾಡುತ್ತಾನೆ, ಹೋಗುತ್ತದೆ.

ಅವನು ತಿರುಗಿದ್ದಕ್ಕೇ ಹಾಡು ಬಂದಿದ್ದು. ಎದೆಜೇಬಿನ ಮೊಬೈಲಿಗೂ ಪೆಟ್ಟಿಗೆಗೂ ನಡುವೆ ಅವನ ಮೈ ಅಡ್ಡ ನಿಂತಿತ್ತು. ಬ್ಲೂಟೂತ್ ಮಾತಾಡುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಮನುಷ್ಯನ ಮೈ ಬಹುಪಾಲು ನೀರು. ಈಗಷ್ಟೆ ಕಡಿದ ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ನೀರೇ. ಎರಡು ಡಬ್ಬಿ ಕಬ್ಬೆಂದರೆ ಈ ಕಿರು ತರಂಗದ ಪಾಲಿಗೆ ನಡುರಸ್ತೆಯಲ್ಲಿ ನಿಂತ ಒಂದು ಕೆರೆ. ಅದರ ಸುತ್ತ ಕಬ್ಬಿಣದ ತಡಿಕೆ ಬೇರೆ. ಹತ್ತು ಮೀಟರ್, ಅಂದರೆ ಐದಾರು ಮಾರು ದೂರಕ್ಕೆಂದು ಹುಟ್ಟಿದ ಬ್ಲೂಟೂತ್ ಉಪಕರಣ ಹೊರಡಿಸಬಹುದಾದ ಗರಿಷ್ಠ ಶಕ್ತಿ 2.5 ಮಿಲಿವ್ಯಾಟ್. ಪಡಸಾಲೆಯ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮೂರು ಸಾವಿರದ ಆರುನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಶುರು ಮಾಡಿದಾಗ ಅವರ ಯಂತ್ರದ ಬಲ 30 ವ್ಯಾಟ್. ಆ ದನಿಗೆ ಊರು ದಾಟಬೇಕಿತ್ತು. ಇದಕ್ಕೆ ಅಂಥ ಹಂಬಲವಿಲ್ಲ, ಜೇಬಿನಿಂದ ಪೆಟ್ಟಿಗೆಗೆ ಮುಟ್ಟಿದರೆ ಸಾಕು.

ಹುಡುಗ ಹಗ್ಗ ಬಿಗಿದು ಮರಳಿ ಬಂದು ಸೀಟಿಗೇರುತ್ತಾನೆ. ಹಾಡು ಮತ್ತೆ ಎದೆಗೆ ಬಡಿಯುತ್ತದೆ. ಗಾಡಿ ಹೊರಡುತ್ತದೆ.

ಈಗ ಈ ಹಾಡಿನ ಒಂದೇ ಒಂದು ಸೆಕೆಂಡನ್ನು ಹಿಡಿದು ಉದ್ದಕ್ಕೆ ಎಳೆದು ನೋಡಿ. ಜೇಬಿನೊಳಗೆ ಹಾಡೆಂದರೆ ಅಂಕಿಗಳು. ಒಂದು ಸೆಕೆಂಡಿಗೆ ಎಡಗಿವಿಗೆ 44,100, ಬಲಗಿವಿಗೆ 44,100. ಪ್ರತಿ ಅಂಕಿಗೆ 16 ಬಿಟ್. ಕೂಡಿಸಿದರೆ 14 ಲಕ್ಷ 11 ಸಾವಿರ ಬಿಟ್. ಅಷ್ಟನ್ನೂ ಆ ಒಂದು ಮೊಳ ಗಾಳಿಯಲ್ಲಿ ಸಾಗಿಸಲು ಹೋದರೆ ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೊಬೈಲು ರಾಶಿ ಮಾಡುವವರ ಕೆಲಸ ಮಾಡುತ್ತದೆ. ಹಾಡನ್ನು ಎಂಟು ಜರಡಿಗೆ ಹಾಕಿದಂತೆ ಡೊಳ್ಳಿನ ಗಡಸು ದನಿಯಿಂದ ಹಿಡಿದು ತಾಳದ ಕಿಣಿಕಿಣಿಯವರೆಗೆ ಎಂಟು ಪಾಲಾಗಿ ಒಡೆಯುತ್ತದೆ. ಯಾವ ಪಾಲಿನಲ್ಲಿ ದನಿ ತುಂಬಿದೆಯೋ ಅದಕ್ಕೆ ಹೆಚ್ಚು ಬಿಟ್ ಕೊಡುತ್ತದೆ, ಬರಿದಾಗಿದ್ದಲ್ಲಿ ಕಡಿಮೆ ಮಾಡುತ್ತದೆ. ಈ ಲೆಕ್ಕಕ್ಕೆ ಎಸ್‌ಬಿಸಿ ಎಂದು ಹೆಸರು. ಈ ಕ್ರಮದಲ್ಲಿ ಹಾಡು ಕಳಿಸುವ ಬ್ಲೂಟೂತ್ ಉಪಕರಣ ಯಾವ ಕಂಪನಿಯದೇ ಇರಲಿ, ಈ ಒಂದು ಲೆಕ್ಕ ಅದಕ್ಕೆ ಬರಲೇಬೇಕು. ಚೆನ್ನಾಗಿ ತೂರಿದ ಮೇಲೆ ಉಳಿಯುವ ರಾಶಿ ಸೆಕೆಂಡಿಗೆ ಸುಮಾರು 3 ಲಕ್ಷ 28 ಸಾವಿರ ಬಿಟ್, ಮೊದಲಿನದರ ಕಾಲು ಭಾಗಕ್ಕಿಂತ ಕಡಿಮೆ. ಟ್ರ್ಯಾಕ್ಟರಿನ ಎಂಜಿನ್ ಸದ್ದಿನ ನಡುವೆ ನಿಮ್ಮ ಕಿವಿಗೆ ಆ ಕಳೆದುಹೋದ ಮುಕ್ಕಾಲು ಗೊತ್ತೇ ಆಗುವುದಿಲ್ಲ.

ಈ ರಾಶಿ ಒಮ್ಮೆಗೆ ಹೋಗುವುದಿಲ್ಲ, ಹಿಡಿ ಹಿಡಿಯಾಗಿ ಹೋಗುತ್ತದೆ. ಒಂದು ಹಿಡಿಯಲ್ಲಿ 119 ಬೈಟ್. ಅದರೊಳಗೆ ಮೂರು ಮಿಲಿಸೆಕೆಂಡಿಗೂ ತುಸು ಕಡಿಮೆಯ ಹಾಡು. ಇಂಥ ಕೆಲವು ಹಿಡಿಗಳನ್ನು ಸೇರಿಸಿ ಒಂದು ಪೊಟ್ಟಣ ಕಟ್ಟಿ ಮೊಬೈಲು ಕೈ ಬಿಡುತ್ತದೆ.

ಎಲ್ಲಿಗೆ ಬಿಡುತ್ತದೆ? 2402ರಿಂದ 2480 ಮೆಗಾಹರ್ಟ್ಸ್‌ವರೆಗೆ 79 ಓಣಿಗಳಿವೆ. ಜೇಬೂ ಪೆಟ್ಟಿಗೆಯೂ ಯಾವ ಓಣಿಯಲ್ಲೂ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಸರದಿ ಎಂದರೆ 625 ಮೈಕ್ರೋಸೆಕೆಂಡ್, ಸೆಕೆಂಡಿಗೆ 1600 ಸರದಿ. ಪೊಟ್ಟಣ ದೊಡ್ಡದಿದ್ದರೆ ಮೂರು ಅಥವಾ ಐದು ಸರದಿಯವರೆಗೆ ಅಲ್ಲೇ ನಿಂತು, ಮುಗಿದೊಡನೆ ಬೇರೆ ಓಣಿಗೆ ಜಿಗಿಯುತ್ತವೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ಕೋಲಾಟ ನೆನಪಾಗುತ್ತದೆ. ಮುಂದಿನ ಪೆಟ್ಟು ಎಲ್ಲಿ ಬೀಳಬೇಕೆಂದು ಇಬ್ಬರಿಗೂ ಗೊತ್ತು, ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ, ಕೋಲು ತಪ್ಪದೆ ತಾಗುತ್ತದೆ. ಇಲ್ಲಿ ಆ ಹೆಜ್ಜೆಯ ಲೆಕ್ಕ ಹುಟ್ಟುವುದು ಮೊಬೈಲಿನ ವಿಳಾಸದಿಂದ ಮತ್ತು ಅದರ ಗಡಿಯಾರದಿಂದ. ಪೆಟ್ಟಿಗೆ ತನ್ನ ಗಡಿಯಾರವನ್ನು ಮೊಬೈಲಿನದಕ್ಕೆ ಹೊಂದಿಸಿಕೊಂಡು ಅದೇ ಹೆಜ್ಜೆ ಹಾಕುತ್ತದೆ. ಹೀಗೆ ಓಣಿಯಿಂದ ಓಣಿಗೆ ಜಿಗಿದು ಮಾತಾಡುವ ಉಪಾಯಕ್ಕೆ 1942ರಲ್ಲಿ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅವರು ಎಣಿಸಿದ್ದು 88 ಓಣಿ, ಪಿಯಾನೋದ ಮನೆಗಳಷ್ಟೇ.

ಜಿಗಿಯುವುದೇಕೆಂದರೆ ಈ ಓಣಿಗಳಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ವೈಫೈ ಇಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆ ಇಲ್ಲೇ, ಪಕ್ಕದವರ ಇಯರ್‌ಫೋನೂ ಇಲ್ಲೇ. ಒಂದೇ ಕಡೆ ನಿಂತರೆ ತುಳಿಸಿಕೊಳ್ಳಬೇಕಾಗುತ್ತದೆ. 2003ರ ಬಳಿಕದ ಬ್ಲೂಟೂತ್ ಇನ್ನೂ ಒಂದು ಜಾಣತನ ಕಲಿತಿದೆ: ಗದ್ದಲವಿರುವ ಓಣಿಗಳನ್ನು ಗುರುತಿಟ್ಟುಕೊಂಡು ಅತ್ತ ಹೋಗುವುದನ್ನೇ ಬಿಡುತ್ತದೆ.

ಇಷ್ಟೆಲ್ಲ ಆದಮೇಲೂ ಪೊಟ್ಟಣ ಹಾಳಾಗಬಹುದು. ಆಗ ನಡೆಯುವುದೇ ನನಗೆ ಈ ಇಡೀ ಏರ್ಪಾಡಿನಲ್ಲಿ ಬಹಳ ಹಿಡಿಸಿದ ಭಾಗ. ಮೊಬೈಲು ಒಂದು ಸರದಿ ಮಾತಾಡಿ ಸುಮ್ಮನಾಗುತ್ತದೆ. ಮುಂದಿನ ಸರದಿ ಪೆಟ್ಟಿಗೆಯದು. 'ಮುಟ್ಟಿತು' ಎಂದರೆ ಮುಂದಿನ ಪೊಟ್ಟಣ. ಉತ್ತರ ಬಾರದಿದ್ದರೆ, ಅಥವಾ ಪೆಟ್ಟಿಗೆ 'ಕೆಟ್ಟು ಬಂತು' ಎಂದರೆ, ಮೊಬೈಲು ಬೇಸರಿಸದೆ ಅದನ್ನೇ ಮತ್ತೆ ಕಳಿಸುತ್ತದೆ, ಬೇರೆ ಓಣಿಯಿಂದ. ಹೀಗೆ ಮತ್ತೆ ಕಳಿಸುವಾಗ ಹಾಡು ಕಡಿಯಬಾರದಲ್ಲ? ಅದಕ್ಕೆಂದೇ ಪೆಟ್ಟಿಗೆ ಒಂದಿಷ್ಟು ಹಾಡನ್ನು ಮೊದಲೇ ಕಣಜದಲ್ಲಿ ತುಂಬಿಕೊಂಡು, ತಡವಾಗಿಯೇ ನುಡಿಸಲು ಶುರು ಮಾಡುತ್ತದೆ. ಹುಡುಗ ಎರಡನೆಯ ಡಬ್ಬಿಯ ಹತ್ತಿರ ಹೋದಾಗ ಹಾಡು ನಿಲ್ಲುವ ಮುನ್ನ ತೊದಲಿದ್ದು ಇದಕ್ಕೇ. ಪೊಟ್ಟಣಗಳು ಎಡವುತ್ತ ಬರುತ್ತಿದ್ದವು, ಕಣಜ ಖಾಲಿಯಾಗುತ್ತ ಬಂದಿತ್ತು.

ಬಿಸಿಲೇರಿದೆ. ಹತ್ತು ಗಂಟೆಗೆ ಹೊರ್ತಿಗೆ ಮರಳಿ ಮೊಬೈಲ್ ರಿಪೇರಿ ಅಂಗಡಿಯೊಂದರ ಸ್ಟೂಲಿನ ಮೇಲೆ ಕುಳಿತಿದ್ದೀರಿ. ಗಾಜಿನ ಕೆಳಗೆ ನೆಕ್‌ಬ್ಯಾಂಡುಗಳು ಹಾವಿನ ಮರಿಗಳ ಹಾಗೆ ಸುತ್ತಿ ಮಲಗಿವೆ. ಮುಂದೆ ಇನ್ನೊಂದು ಟ್ರ್ಯಾಕ್ಟರಿನ ಪೆಟ್ಟಿಗೆ ಬಂದು ಕೂತಿದೆ. ಮಾಲೀಕ ನಿನ್ನೆಯಷ್ಟೇ ಧೂಳು ತಾಗಬಾರದೆಂದು ಅದನ್ನು ಗಟ್ಟಿ ತಗಡಿನ ಡಬ್ಬದೊಳಗೆ ಕೂಡಿಸಿದ್ದಾನೆ. ಅಂದಿನಿಂದ ಮಾರು ದೂರಕ್ಕೂ ಹಾಡು ಮುಟ್ಟುತ್ತಿಲ್ಲ.

ಅಂಗಡಿಯವನು ಸ್ಕ್ರೂ ಬಿಚ್ಚಿ ಒಳಗಿನ ಬೋರ್ಡನ್ನು ಚಿಮಟಿಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಹಸಿರು ಹಲಗೆ, ಹೆಬ್ಬೆರಳಿನ ಅಗಲ. ನಡುವೆ ಕರಿ ಚಿಪ್ಪು. ಅಂಚಿಗೆ, ಇಳಕಲ್ ಸೀರೆಯ ಅಂಚಿನಲ್ಲಿ ನೇಯ್ದಂತೆ, ಮೇಲೆ ಕೆಳಗೆ ಮೇಲೆ ಕೆಳಗೆ ಮಡಚಿಕೊಂಡು ಹೋದ ತೆಳು ತಾಮ್ರದ ಗೆರೆ. "ಇದs ನೋಡ್ರಿ ಆಂಟೆನಾ. ಇದರ ಕಿವಿ, ಬಾಯಿ ಎಲ್ಲಾ ಇದs" ಎನ್ನುತ್ತಾನೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ಚೂರು ಹೆಚ್ಚು. ಅದರ ಕಾಲು ಭಾಗದಷ್ಟು ತಂತಿ ಇದ್ದರೆ ಹಿಡಿಯಲು ಸಾಕು. ಮೂರು ಸೆಂಟಿಮೀಟರ್ ಗೆರೆಯನ್ನು ಮಡಚಿ ಉಗುರಿನಷ್ಟು ಜಾಗಕ್ಕೆ ತಂದಿದ್ದಾರೆ. ಆದರೆ ಸುತ್ತ ತಗಡು ಮುಚ್ಚಿದರೆ ತರಂಗ ಒಳಗೆ ಬರುವುದೆಲ್ಲಿಂದ? ಅವನು ಡಬ್ಬದ ಮುಖಕ್ಕೆ ಚೌಕಾಕಾರದ ಕಿಟಕಿ ಕೊರೆದು ಪ್ಲಾಸ್ಟಿಕ್ ತುಂಡು ಅಂಟಿಸುತ್ತಾನೆ. ಇಪ್ಪತ್ತು ನಿಮಿಷದ ಕೆಲಸ.

ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಗುರುತು ಅಚ್ಚಾಗಿದೆ. ಅದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಹೆಸರಿನ ಎರಡು ಹಳೆಯ ಅಕ್ಷರಗಳ ಕೂಡಕ್ಷರ. ಅವನ ಅಡ್ಡಹೆಸರು 'ನೀಲಿ ಹಲ್ಲು', ಇಂಗ್ಲಿಷಿನಲ್ಲಿ ಬ್ಲೂಟೂತ್. 1994ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್ಸೆನ್ ಎಂಬ ಎಂಜಿನಿಯರ್ ಈ ಕಿರುದೂರದ ರೇಡಿಯೊ ಕೆಲಸ ಕೈಗೆತ್ತಿಕೊಂಡರು. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಒಟ್ಟುಗೂಡಿದವು. ಬೇರೆ ಬೇರೆ ಕುಲಗಳನ್ನು ಕೂಡಿಸಿದ ದೊರೆಯ ಹೆಸರನ್ನು ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಕೂಡಿಸುವ ವಿದ್ಯೆಗೆ ಇಟ್ಟರು.

ಅಂಗಡಿಯವನು ಪೆಟ್ಟಿಗೆಗೆ ಕರೆಂಟು ಕೊಡುತ್ತಾನೆ. ನೀಲಿ ಚುಕ್ಕಿ ಪಟಪಟ ಮಿಣುಕುತ್ತದೆ. ನಿಮ್ಮ ಮೊಬೈಲು ತೆರೆದು ಹುಡುಕಲು ಹೇಳುತ್ತಾನೆ. ಆಗ ನಿಮ್ಮ ಕೈಯಲ್ಲಿನ ಯಂತ್ರ ಗಾಳಿಗೆ 'ಯಾರದೀರಿ?' ಎಂದು ಕೂಗುತ್ತದೆ, ಪೆಟ್ಟಿಗೆ ತನ್ನ 48 ಬಿಟ್ಟಿನ ವಿಳಾಸ ಹೇಳಿ ಓಗೊಡುತ್ತದೆ. ಆಮೇಲೆ ಎರಡೂ ಸೇರಿ ಒಂದು ಗುಟ್ಟಿನ ಬೀಗದ ಕೈ ಮಾಡಿಕೊಳ್ಳುತ್ತವೆ. 2007ರ ನಂತರದ ಪದ್ಧತಿಯಲ್ಲಿ ಆ ಕೈ ಗಾಳಿಯಲ್ಲಿ ಹಾಯುವುದೇ ಇಲ್ಲ; ಎರಡೂ ಬಹಿರಂಗವಾಗಿ ಒಂದೊಂದು ಅಂಕಿ ಹಂಚಿಕೊಂಡು, ತಂತಮ್ಮೊಳಗೆ ಲೆಕ್ಕ ಹಾಕಿ, ಒಂದೇ ಉತ್ತರಕ್ಕೆ ಬರುತ್ತವೆ. ಮಿಣುಕುತ್ತಿದ್ದ ಚುಕ್ಕಿ ನಿಲ್ಲುತ್ತದೆ. "ಕೂಡ್ತು" ಎನ್ನುತ್ತಾನೆ ಅವನು. ಈ ಭಾಗದಲ್ಲಿ ಕನೆಕ್ಟ್ ಆಯಿತು ಎನ್ನುವುದಕ್ಕಿಂತ ಈ ಮಾತು ಎಷ್ಟೋ ಚೆಂದ ಅನಿಸುತ್ತದೆ.

ಸಂಜೆ. ರೇವಣಸಿದ್ಧೇಶ್ವರನ ಗುಡಿಗೆ ಹೋಗಿ ಬಂದವರು ಇನ್ನೂ ಕಟ್ಟೆಯ ಮೇಲಿದ್ದಾರೆ. ನೀವು ಬೆಳಗಿನ ಆ ಡ್ರೈವರ್ ಹುಡುಗನ ಮನೆಯ ಪಡಸಾಲೆಯಲ್ಲಿದ್ದೀರಿ. ಮೂಲೆಯಲ್ಲಿ ಬೀಸುಕಲ್ಲು. ಹಿಟ್ಟಿನ ಗಿರಣಿ ಬಂದ ಮೇಲೆ ಅದಕ್ಕೆ ದಿನದ ಕೆಲಸವಿಲ್ಲ. ಅರಿಸಿನಕ್ಕೋ ಬೇಳೆ ಒಡೆಯಲಿಕ್ಕೋ ಆಗೊಮ್ಮೆ ಈಗೊಮ್ಮೆ ತಿರುಗುತ್ತದೆ. ಹುಡುಗನ ಆಯಿ ಅದಕ್ಕೆ ಬೆನ್ನು ಆನಿಸಿ ಕೂತಿದ್ದಾಳೆ. ಕೈಯ ಹಸಿರು ಬಳೆ ಮೊಳಕೈವರೆಗೆ ಸರಿದುಹೋಗುವಷ್ಟು ಸಣಕಲು ತೋಳು.

ಹುಡುಗ ಹೊಸ್ತಿಲ ಬಳಿ ಒಂದು ಗಿಡ್ಡ ಸ್ಪೀಕರ್ ಇಟ್ಟು, ಹೋದ ವರ್ಷ ಮೊಬೈಲಿನಲ್ಲಿ ಹಿಡಿದಿಟ್ಟ ಹಾಡು ಹಚ್ಚುತ್ತಾನೆ. ಆಯಿಯದೇ ದನಿ, ಬೀಸುವ ಪದ. ಮುದುಕಿ ತಲೆ ತಗ್ಗಿಸಿ, ಯಾರದೋ ಹಾಡು ಕೇಳುವ ಹಾಗೆ ಕೇಳುತ್ತಾಳೆ. ನಡುವೆ ಒಂದು ಕಡೆ ತನ್ನ ತಪ್ಪನ್ನು ತಾನೇ ಹಿಡಿದು "ಅಲ್ಲಿ ಒಂದು ಸಾಲ ಬಿಟ್ಟೀನಿ" ಎನ್ನುತ್ತಾಳೆ.

ಇಂಥ ಪದಗಳನ್ನು ಮೊದಮೊದಲು ಹಾಳೆಗೆ ಇಳಿಸಿಕೊಂಡವರಲ್ಲಿ ಈ ಸೀಮೆಯವರಿದ್ದರು. ಹಲಸಂಗಿ ಎಂಬ ಊರು ಮೊದಲು ಹೊರ್ತಿಯ ಹಾಗೆ ಇಂಡಿ ತಾಲೂಕಿನಲ್ಲಿತ್ತು, ಈಗ ಚಡಚಣ ತಾಲೂಕಿಗೆ ಸೇರಿದೆ. ಅಲ್ಲಿನ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿ ಕೇಳಿ ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಪುಸ್ತಕವಾಯಿತು. ದನಿಯನ್ನೇ ಹಿಡಿದಿಡುವ ಸಾಧನ ಕೈಯಲ್ಲಿಲ್ಲದ ಕಾಲ. ಅಂಥ ಯಂತ್ರ ಅವರ ಜೇಬಿನಲ್ಲಿದ್ದಿದ್ದರೆ ಎಷ್ಟು ಕೊರಳುಗಳು ಉಳಿಯುತ್ತಿದ್ದವೋ ಎಂದು ನೆನೆದರೆ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

"ಆಯಿ, ಈಗ ನೀನs ಹಾಡು, ಡಬ್ಬಿಯೊಳಗ ದೊಡ್ಡದಾಗಿ ಬರ್ತದ" ಎನ್ನುತ್ತಾನೆ ಹುಡುಗ. ಮೊಬೈಲನ್ನೇ ಮೈಕು ಮಾಡುವ ಆ್ಯಪ್ ತೆರೆದು ಅವಳ ಬಾಯಿ ಹತ್ತಿರ ಹಿಡಿಯುತ್ತಾನೆ. ಆಯಿ ಕಲ್ಲಿನ ಗೂಟ ಹಿಡಿದು ಒಂದು ಸುತ್ತು ತಿರುಗಿಸಿ ಶುರು ಮಾಡುತ್ತಾಳೆ. ಎರಡು ಮಾತು ಹೊರಬಿದ್ದಿರಬೇಕು, ಹೊಸ್ತಿಲಿನಿಂದ ಅವಳದೇ ದನಿ ಹಿಂದೆ ಬಿದ್ದು ಬರುತ್ತದೆ. ಅವಳು ನಿಲ್ಲುತ್ತಾಳೆ. ಅದು ಒಂದು ಚೂರು ಹೊತ್ತು ಹಾಡಿ ಆಮೇಲೆ ನಿಲ್ಲುತ್ತದೆ. ಮತ್ತೆ ಹಾಡುತ್ತಾಳೆ. ಕೈ ಒಂದು ಲಯಕ್ಕೆ, ಕಿವಿ ಒಂದು ಲಯಕ್ಕೆ. ಕಲ್ಲು ತಡವರಿಸುತ್ತದೆ.

"ಯಾರೋ ನನ್ನ ಹಿಂದಿಂದ ಹಾಡಾಕತ್ಯಾರ. ನಂಗ ದಾರಿ ತಪ್ತದ."

ಬೆಳಿಗ್ಗೆ ಟ್ರ್ಯಾಕ್ಟರಿನ ಹಾಡನ್ನು ಕಾಪಾಡಿದ ಆ ಕಣಜವೇ ಇಲ್ಲಿ ಅಡ್ಡ ಬಂದಿದೆ. ದನಿಯನ್ನು ಅಂಕಿ ಮಾಡಬೇಕು, ಎಂಟು ಜರಡಿಗೆ ಹಾಕಬೇಕು, ಪೊಟ್ಟಣ ಕಟ್ಟಬೇಕು, ಮುಟ್ಟಿತೇ ಎಂದು ಕೇಳಬೇಕು, ಕಣಜ ತುಂಬುವವರೆಗೆ ಕಾಯಬೇಕು, ಮತ್ತೆ ದನಿ ಮಾಡಬೇಕು. ಇಷ್ಟಕ್ಕೆಲ್ಲ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುವುದು ಸಾಮಾನ್ಯ. ಸಿನಿಮಾ ನೋಡುವಾಗ ಮೊಬೈಲು ಚಿತ್ರವನ್ನೂ ಅಷ್ಟೇ ತಡ ಮಾಡಿ ತುಟಿಗೂ ಮಾತಿಗೂ ಹೊಂದಿಸಿಬಿಡುತ್ತದೆ. ಹಾಡುವ ಮನುಷ್ಯರನ್ನು ಹಾಗೆ ತಡೆದು ನಿಲ್ಲಿಸಲು ಬರುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಐದನೆಯ ಒಂದು ಭಾಗದಲ್ಲಿ 68 ಮೀಟರ್. ಅಂದರೆ ಹೊಸ್ತಿಲಲ್ಲಿ, ಕೈಗೆ ಸಿಗುವಷ್ಟು ಹತ್ತಿರ ಕೂತ ಆ ಸ್ಪೀಕರು ಆಯಿಯ ಕಿವಿಗೆ ಮೂವತ್ತೇಳು ಮಾರು ದೂರದಲ್ಲಿದೆ, ಓಣಿಯ ಕೊನೆಯ ಮನೆಯ ಅಂಗಳದಲ್ಲಿ.

ಈ ತಡವನ್ನು ಇಳಿಸುವ ಕೆಲಸ ನಡೆದೇ ಇದೆ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ಕ್ರಮದಲ್ಲಿ ಎಸ್‌ಬಿಸಿಯ ಜಾಗಕ್ಕೆ ಎಲ್‌ಸಿ3 ಬಂದಿದೆ. ಇನ್ನೂ ಕಡಿಮೆ ಬಿಟ್ಟಿನಲ್ಲಿ ಅಷ್ಟೇ ಒಳ್ಳೆಯ ದನಿ, ಕಾಯುವುದೂ ಕಡಿಮೆ. ಒಂದೇ ಮೂಲದಿಂದ ಎಷ್ಟು ಜನಕ್ಕೆ ಬೇಕಾದರೂ ಒಟ್ಟಿಗೆ ದನಿ ಬಿತ್ತರಿಸುವ ದಾರಿಯೂ ಅದರಲ್ಲಿದೆ, ಕಿವಿ ಮಂದವಾದವರ ಶ್ರವಣಯಂತ್ರಕ್ಕೆ ನೇರವಾಗಿ. ಜಾತ್ರೆಯ ಪುರಾಣ ಪ್ರವಚನ ಹಿಂದಿನ ಸಾಲಿನಲ್ಲಿ ಕೂತ ಮುದುಕರ ಕಿವಿಯೊಳಗೇ ಬಂದು ಇಳಿಯುವ ದಿನ ಬೇಗ ಬರಲಿ ಎಂದು ನಾನು ನಿಜವಾಗಿಯೂ ಕಾಯುತ್ತಿದ್ದೇನೆ.

ಹುಡುಗ ಸ್ಪೀಕರ್ ಆರಿಸುತ್ತಾನೆ. ಹಿಂದಿನ ಮನೆಯಿಂದ ಆಯಿಯ ನೆಗೆಣ್ಣಿಯನ್ನು ಕರೆತರುತ್ತಾನೆ. ಇಬ್ಬರೂ ಮುದುಕಿಯರು ಕಲ್ಲಿನ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂಡುತ್ತಾರೆ. ಒಂದೇ ಗೂಟ, ಎರಡು ಕೈ. ಆಯಿ ಒಂದು ಸಾಲು ಹೇಳಿ ಬಿಡುತ್ತಾಳೆ, ಎದುರಿನವಳು ಅದನ್ನು ಎತ್ತಿಕೊಳ್ಳುತ್ತಾಳೆ, ಅವಳು ಮುಗಿಸಿದ ಕಡೆಗೆ ಆಯಿ ಮತ್ತೆ ಕೂಡುತ್ತಾಳೆ. ಎದುರಿನವಳಿಗೆ ಒಂದು ಮಾತು ಸರಿಯಾಗಿ ಕೇಳದಿದ್ದಾಗ ಹುಬ್ಬು ಏರಿಸುತ್ತಾಳೆ. ಆಯಿ ಅದೇ ಸಾಲನ್ನು ಇನ್ನೊಮ್ಮೆ ಹೇಳುತ್ತಾಳೆ, ಕಲ್ಲು ನಿಲ್ಲುವುದಿಲ್ಲ.

ಹುಡುಗ ಈಗ ಮೊಬೈಲನ್ನು ನೆಲದ ಮೇಲೆ ಮಡಚಿದ ಕೌದಿಯ ಅಂಚಿಗಿಟ್ಟು ರೆಕಾರ್ಡ್ ಒತ್ತಿದ್ದಾನೆ. ಅವರ ಬಳೆ ಗೂಟಕ್ಕೆ ತಾಗುವ ಸದ್ದು, ಕಲ್ಲಿನ ಬಾಯಿಂದ ಉದುರುವ ಬೇಳೆಯ ಸದ್ದು, ಹೊರಗೆ ಹೆದ್ದಾರಿಯಲ್ಲಿ ಹಾಯುವ ಲಾರಿ, ಎಲ್ಲವೂ ಅದರೊಳಗೆ ಹೋಗುತ್ತಿದೆ. ಇಬ್ಬರ ಉಸಿರೂ ಒಮ್ಮೆಗೇ ಮುಗಿದು, ಮುಂದಿನ ಸಾಲು ಯಾರದೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಾಗ, ಸ್ವಲ್ಪ ಹೊತ್ತು ಬರೀ ಕಲ್ಲು ತಿರುಗುತ್ತದೆ.